ಎರಡು ಸಲ ತುಳಿದರೆ ಹಿಡಿಯುವ ಬ್ರೇಕು



ಮಗಳನ್ನು ಕೊಟ್ಟ ಮನೆಗೆ ಹೋದಾಗ ಉಂಡು, ಕುಶಲ ವಿಚಾರಿಸಿ ಬರಬೇಕೇ ಹೊರತು ಅಲ್ಲಿಯ ವಸ್ತುಗಳಲ್ಲಿ ಹುಳುಕು ಹುಡುಕಬಾರದು ಎಂದು ಹಿರಿಯರು ಹೇಳುತ್ತಾರೆ. ಕಳೆದ ಕ್ರಿಸ್ಮಸ್ ಮುಗಿದ ವಾರದಲ್ಲಿ ನಾವು ಆ ಮಾತನ್ನು ಮೀರಿದೆವು. ಮೀರಿದ್ದು ಸರಿಯೇ ಆಯಿತು. ಆದರೆ ಮೀರಿದ ರೀತಿಯಲ್ಲಿ ಒಂದು ತಪ್ಪನ್ನೂ ಮಾಡಿದೆವು. ಎರಡನ್ನೂ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಮ್ಮ ಬೀಗರ ಊರು ಸೋನ್ಯಾಳ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ, ಗ್ಯಾರೇಜಿನಲ್ಲಿ ಮರಾಠಿ. ಮಳೆ ಕಡಿಮೆ ಬೀಳುವ ಸೀಮೆ ಅದು. ಜೋಳ, ದಾಳಿಂಬೆ, ದ್ರಾಕ್ಷಿ ಅಲ್ಲಿಯ ಬೆಳೆಗಳು. ಅದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿ ತಳಿಗೆ ದೂರದೂರದ ಸಂತೆಗಳಲ್ಲಿ ಬೆಲೆ ಇದೆ. ಬೆಳೆದದ್ದನ್ನು ಮಾರುಕಟ್ಟೆಗೆ ಮುಟ್ಟಿಸಲು ಇಂಥ ಊರುಗಳಲ್ಲಿ ಪಿಕಪ್ ಗಾಡಿಯೇ ಆಧಾರ. ಬೀಗರ ಮನೆಯಲ್ಲೂ ಹದಿನಾರು ವರ್ಷ ದುಡಿದ ಡೀಸೆಲ್ ಪಿಕಪ್ ಒಂದಿದೆ. ಹಣ್ಣಿನ ಕ್ರೇಟು, ಕುರಿ, ಗೊಬ್ಬರದ ಚೀಲ ಎಲ್ಲವೂ ಅದರಲ್ಲೇ. ನಮ್ಮ ಮಗಳು ಕೂಸಿಗೆ ಚುಚ್ಚುಮದ್ದು ಹಾಕಿಸಲು ಜತ್ತಕ್ಕೆ ಹೋಗುವುದೂ ಅದರ ಮುಂದಿನ ಸೀಟಿನಲ್ಲಿಯೇ.

ನಾವು ಬಸ್ಸು ಇಳಿದಾಗ ಅಳಿಯ ಅದೇ ಗಾಡಿ ತಂದಿದ್ದರು. ಊರು ಹತ್ತಿರ ಬಂದಾಗ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಅಳಿಯ ಬ್ರೇಕನ್ನು ಒಮ್ಮೆ ತುಳಿದರು, ಬಿಟ್ಟರು, ಮತ್ತೊಮ್ಮೆ ತುಳಿದರು. ಆಗ ಗಾಡಿ ನಿಂತಿತು. ನಾವು ಏನೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಬೀಗರ ಹತ್ತಿರ ವಿಷಯ ತೆಗೆದೆವು. ಅವರು ನಕ್ಕು ಹೇಳಿದರು: “ಎರಡ ಸಲಾ ತುಳದ್ರ ಹಿಡೀತೈತ್ರಿ ಬೀಗ್ರ. ನಮಗ ರೂಢಿ ಆಗೇತಿ, ನೀವು ಚಿಂತಿ ಮಾಡಬ್ಯಾಡ್ರಿ.”

ಈ ‘ರೂಢಿ ಆಗಿದೆ’ ಎಂಬ ಮಾತೇ ನಮ್ಮನ್ನು ಚಿಂತೆಗೆ ಹಚ್ಚಿತು. ಮೂರು ದಿನ ಬಿಟ್ಟು ಆ ಗಾಡಿ ದಾಳಿಂಬೆ ಹೇರಿಕೊಂಡು ಚಿಪಳೂಣಕ್ಕೆ ಹೋಗುವುದಿತ್ತು. ಜತ್ತದ ಮೇಲೆ ಹಾದುಹೋಗುವ ವಿಜಯಪುರ–ಗುಹಾಗರ ಹೆದ್ದಾರಿ ವಿಟಾ, ಕರಾಡ, ಪಾಟಣ ದಾಟಿದ ಮೇಲೆ ಕುಂಭಾರ್ಲಿ ಘಟ್ಟದಲ್ಲಿ ಕೊಂಕಣಕ್ಕೆ ಇಳಿಯುತ್ತದೆ. ಬಯಲು ಸೀಮೆಯಲ್ಲಿ ಎರಡನೆಯ ಸಲ ತುಳಿಯಲು ಸಮಯ ಸಿಗಬಹುದು. ತುಂಬಿದ ಗಾಡಿ ಘಟ್ಟದ ತಿರುವಿನಲ್ಲಿದ್ದಾಗ ಆ ಸಮಯ ಯಾರ ಕೈಯಲ್ಲಿ ಇರುತ್ತದೆ?

ಕಾಲಿನ ಒತ್ತಡ ಗಾಲಿಗೆ ಹೋಗುವ ಬಗೆ

ಬ್ರೇಕಿನ ಕೆಲಸ ತಿಳಿದರೆ ಅದರ ಕಾಯಿಲೆಯೂ ತಿಳಿಯುತ್ತದೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದನ್ನು ವಿವರಿಸಿ ಬರೆದ ಗ್ರಂಥ ಅವರು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಯಿತು. ನಮ್ಮ ಗಾಡಿಗಳ ಬ್ರೇಕು ಇಂದಿಗೂ ಅದೇ ನಿಯಮದ ಮೇಲೆ ನಡೆಯುತ್ತಿದೆ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಪೈಪಿನಲ್ಲಿ ಸಾಗಿದ ಒತ್ತಡ ಮುಂದಿನ ಗಾಲಿಗಳಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ, ಹಿಂದಿನ ಗಾಲಿಗಳಲ್ಲಿ ಲೈನರುಗಳನ್ನು ಡ್ರಮ್ಮಿಗೆ ಅಗಲಿಸುತ್ತದೆ.

ದ್ರವ ಅಮುಕಿದರೆ ಕುಗ್ಗುವುದಿಲ್ಲ ಎನ್ನಬಹುದು. ಗಾಳಿ ಕುಗ್ಗುತ್ತದೆ. ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಕಲ್ಲಿನಂತೆ ನಿಲ್ಲುತ್ತದೆ. ಅರ್ಧ ನೀರು ಅರ್ಧ ಗಾಳಿ ಇದ್ದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಪುಟಿಯುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಿ, ಒಂದು ನಿಮಿಷದಲ್ಲಿ ಕಲಿಯುತ್ತಾರೆ.

‘ಮೆತ್ತಗೆ’ ಎಂದರೆ ಯಾವ ಮೆತ್ತಗೆ?

ಪೆಡಲ್ ಮೆತ್ತಗಾಯಿತು ಎಂದೊಡನೆ ಎಲ್ಲರೂ ಹೇಳುವ ಮದ್ದು ಒಂದೇ: ‘ಹವಾ ತೆಗೆಸಿರಿ.’ ಜ್ವರ ಎಂದರೆಲ್ಲ ಒಂದೇ ಗುಳಿಗೆ ಕೊಟ್ಟಂತೆ ಇದು. ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಕಾಲಿನಿಂದಲೇ ಪರೀಕ್ಷೆ ಮಾಡಬೇಕು. ಗಾಡಿ ಸಮತಟ್ಟಾದ ಅಂಗಳದಲ್ಲಿ ನಿಂತಿರಲಿ, ಗಾಲಿಗಳಿಗೆ ಕಲ್ಲು ಕೊಟ್ಟಿರಲಿ, ಇಂಜಿನ್ ಬಂದ್ ಇರಲಿ.

ಮೊದಲನೆಯದು, ಪೆಡಲ್ ಬಹಳ ಕೆಳಗೆ ಹೋಗಿ ಹಿಡಿಯುವುದು, ಬೇಗಬೇಗನೆ ಎರಡು ಮೂರು ಸಲ ತುಳಿದರೆ ಮೇಲೆ ಬಂದು ಗಟ್ಟಿಯಾಗುವುದು. ಹಳೆಯ ಪಿಕಪ್ಪುಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಹಿಂದಿನ ಲೈನರು ಸವೆದು ಡ್ರಮ್ಮಿನಿಂದ ದೂರ ಸರಿದಿರುವುದು. ಆ ಅಂತರವನ್ನು ತಾನಾಗಿ ಸರಿಪಡಿಸಿಕೊಳ್ಳಬೇಕಾದ ಅಡ್ಜಸ್ಟರು ಧೂಳು, ತುಕ್ಕು ತುಂಬಿ ಹಿಡಿದುಕೊಂಡಿರುತ್ತದೆ. ಗಾಲಿಯ ಬೇರಿಂಗ್ ಸಡಿಲವಾಗಿದ್ದರೂ ಹೀಗಾಗಬಹುದು. ಅಲುಗಾಡುವ ಡಿಸ್ಕು ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತದೆ.

ಎರಡನೆಯದು, ಎಷ್ಟು ಸಲ ತುಳಿದರೂ ಕಾಲಿನ ಕೆಳಗೆ ರಬ್ಬರ್ ಚೆಂಡು ಇದ್ದಂತೆ ಪುಟಿಯುವುದು. ಇದು ಪೈಪಿನಲ್ಲಿ ಗಾಳಿ ಸೇರಿದ ಗುರುತು. ಗಾಲಿಯ ಹತ್ತಿರದ ರಬ್ಬರ್ ಹೋಸ್ ಹಳೆಯದಾಗಿ ಒತ್ತಡಕ್ಕೆ ಉಬ್ಬುತ್ತಿದ್ದರೂ ಹೀಗೇ ಅನಿಸುತ್ತದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸನ್ನು ಗಮನಿಸಿದರೆ ತಿಳಿಯುತ್ತದೆ.

ಮೂರನೆಯದು, ಪೆಡಲನ್ನು ಒಂದೇ ಸಮನಾಗಿ ಒತ್ತಿ ಹಿಡಿದಾಗ ಅದು ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋಗುವುದು. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ. ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಸವೆದು ಆಯಿಲ್ ಹಿಂದಕ್ಕೆ ಜಾರುತ್ತಿದೆ. ಹೀಗೆ ಒಳಗೇ ಜಾರಿದರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ.

ನಾಲ್ಕನೆಯದು, ಬೆಳಿಗ್ಗೆ ಚೆನ್ನಾಗಿದ್ದು ಘಟ್ಟ ಇಳಿಯುವಾಗ ಮೆತ್ತಗಾಗುವುದು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಹೊಸ ಡಾಟ್ 3 ಆಯಿಲ್ ಕಡಿಮೆ ಎಂದರೆ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು ಎಂಬ ನಿಯಮವಿದೆ. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಘಟ್ಟದಲ್ಲಿ ಬ್ರೇಕು ಕಾದು ಹಳೆಯ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಗುಳ್ಳೆ ಎಂದರೆ ಗಾಳಿ ಇದ್ದಂತೆಯೇ. ಗಾಡಿ ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿಯಾಗುತ್ತದೆ, ನಾವೂ ಮರೆತುಬಿಡುತ್ತೇವೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಗಾಡಿ ನಿಲ್ಲದಿದ್ದರೆ ಅದು ಬೂಸ್ಟರಿನ ಕಾಯಿಲೆ. ಡೀಸೆಲ್ ಗಾಡಿಗಳಲ್ಲಿ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಒಂದು ಪಂಪು ಒದಗಿಸುತ್ತದೆ. ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಪೆಡಲ್ ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿದಾಗ ಅದು ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ. ಅದು ದೋಷವಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ಅಂಗಳದಲ್ಲಿ ನಾವು ಕಂಡದ್ದು

ಮರುದಿನ ಬೆಳಿಗ್ಗೆ ಬೀಗರ ಒಪ್ಪಿಗೆ ಪಡೆದು ಅಳಿಯನ ಜೊತೆ ಗಾಡಿ ನೋಡಲು ಕುಳಿತೆವು. ಬ್ರೇಕ್ ಆಯಿಲಿನ ಮಟ್ಟ ಕೆಳಗಿನ ಗೆರೆಗೆ ಬಂದಿತ್ತು, ಬಣ್ಣ ಕಪ್ಪು ಚಹಾದಂತಿತ್ತು. ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿದೆವು. ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮನೆ ಅದು. ಬ್ರೇಕ್ ಆಯಿಲಿಗೂ ಎರಡು ವರ್ಷಕ್ಕೊಮ್ಮೆ ಬದಲಿ ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಡಿಮೆಯಾದಾಗ ಮೇಲಿಂದ ಸುರಿಯುತ್ತಾ ಬಂದಿದ್ದರು. ನಮ್ಮಲ್ಲಿ ಬಹಳ ಮನೆಗಳ ಕಥೆಯೂ ಇದೇ.

ಹಿಂದಿನ ಡ್ರಮ್ಮು ಬಿಚ್ಚಿದೆವು. ಲೈನರು ತೆಳುವಾಗಿತ್ತು, ಅಡ್ಜಸ್ಟರಿನ ಹಲ್ಲುಗಾಲಿ ತಿರುಗದಂತೆ ಹಿಡಿದುಕೊಂಡಿತ್ತು. ಒಳಗಿನ ಧೂಳನ್ನು ಊದಲು ಅಳಿಯ ಬಗ್ಗಿದಾಗ ತಡೆದೆವು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ, ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ವ್ಹೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ ನೋಡಿದೆವು. ಒಳಗೆ ಒಣಗಿತ್ತು, ಅಂದರೆ ಅಲ್ಲಿ ಸೋರಿಕೆ ಇಲ್ಲ. ಒದ್ದೆ ಇದ್ದಿದ್ದರೆ ಸಿಲಿಂಡರನ್ನೂ, ಆಯಿಲ್ ಕುಡಿದ ಲೈನರನ್ನು ಎರಡೂ ಗಾಲಿಗಳಲ್ಲೂ ಬದಲಿಸಬೇಕಾಗುತ್ತಿತ್ತು. ಆಯಿಲ್ ಹಿಡಿದ ಲೈನರನ್ನು ತೊಳೆದು ಮತ್ತೆ ಹಾಕಬಾರದು.

ಜತ್ತದಿಂದ ಹೊಸ ಲೈನರು ತರಿಸಿ, ಹಲ್ಲುಗಾಲಿ ಸ್ವಚ್ಛಮಾಡಿ, ಗಾಲಿ ತಿರುಗಿಸಿದಾಗ ಲೈನರು ತುಸುವೇ ಉಜ್ಜುವಷ್ಟು ಅಡ್ಜಸ್ಟ್ ಮಾಡಿದೆವು. ಪೆಡಲ್ ಎಷ್ಟೋ ಮೇಲೆ ಬಂತು. ಎರಡು ಸಲ ತುಳಿಯುವ ಕಾರಣದ ಮುಖ್ಯ ಭಾಗ ಸಿಕ್ಕಿತ್ತು. ಆದರೆ ತುದಿಯಲ್ಲಿ ಇನ್ನೂ ಸ್ವಲ್ಪ ಪುಟಿಯುತ್ತಿತ್ತು. ಹಳೆಯ ಆಯಿಲನ್ನು ಹೊರಹಾಕಿ ಹವಾ ತೆಗೆಯುವುದೇ ಮುಂದಿನ ಕೆಲಸ.

ನಾವು ಮಾಡಿದ ತಪ್ಪು

ಅಳಿಯ ಕೆಳಗೆ ನಿಪ್ಪಲ್ ಸಡಿಲಿಸಲು ಕುಳಿತರು, ನಾವು ಸೀಟಿನಲ್ಲಿ ಕುಳಿತು ಪೆಡಲ್ ತುಳಿದೆವು. ಬೇಗ ಮುಗಿಯಲಿ ಎಂದು ಪ್ರತಿ ಸಲವೂ ನೆಲ ಮುಟ್ಟುವವರೆಗೆ ಜೋರಾಗಿ ತುಳಿದೆವು. ಸ್ವಚ್ಛ ಆಯಿಲ್ ಬಂತು, ಗುಳ್ಳೆ ನಿಂತಿತು, ಪೆಡಲ್ ಗಟ್ಟಿಯಾಯಿತು. ಎಲ್ಲರಿಗೂ ಸಂತೋಷ. ಸಂಜೆ ಇನ್ನೊಮ್ಮೆ ಒತ್ತಿ ಹಿಡಿದು ನೋಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಇಳಿಯತೊಡಗಿತು. ಮೊದಲು ಇಲ್ಲದಿದ್ದ ಮೂರನೆಯ ಕಾಯಿಲೆ!

ಕಾರಣ ಇಷ್ಟು. ವರ್ಷಗಟ್ಟಲೆ ಪಿಸ್ಟನ್ ಸಿಲಿಂಡರಿನ ಒಂದು ಭಾಗದಲ್ಲಿ ಮಾತ್ರ ಓಡಾಡಿರುತ್ತದೆ. ಅದರಾಚೆಯ ಗೋಡೆಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ತುಳಿದಾಗ ಹಳೆಯ ಸೀಲು ಆ ಒರಟು ಜಾಗದ ಮೇಲೆ ಜಾರಿ ಹರಿಯುತ್ತದೆ. ಹಳೆಯ ಗಾಡಿಯ ಹವಾ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಕಟ್ಟಿಗೆಯ ತುಂಡು ಇಟ್ಟು, ಅದು ಪೂರ್ತಿ ಇಳಿಯದಂತೆ ತಡೆಯಬೇಕು. ಇದು ನಮಗೆ ಗೊತ್ತಿತ್ತು. ಅವಸರದಲ್ಲಿ ಬಿಟ್ಟೆವು.

ಬೀಗರ ಮುಖ ಸಪ್ಪಗಾಯಿತು. “ನೀವು ಕೈ ಹಚ್ಚೂಕಿಂತ ಮೊದ್ಲ ಗಾಡಿ ನಡೀತಿತ್ತಲ್ರಿ,” ಎಂದರು. ನಮಗೆ ಉತ್ತರ ಇರಲಿಲ್ಲ. ಹಣ್ಣು ಕಟಾವಾಗಿ ಕ್ರೇಟಿನಲ್ಲಿ ಕೂತಿತ್ತು. ಕೊನೆಗೆ ಬಾಡಿಗೆಯ ಗಾಡಿ ಗೊತ್ತುಮಾಡಿ ಮಾಲು ಕಳಿಸಬೇಕಾಯಿತು. ಆ ಬಾಡಿಗೆಯನ್ನು ನಾವು ಕೊಡುತ್ತೇವೆ ಎಂದಾಗ ಬೀಗರು ತೆಗೆದುಕೊಳ್ಳಲಿಲ್ಲ. ಆ ರಾತ್ರಿ ನಮಗೆ ಊಟ ರುಚಿಸಲಿಲ್ಲ.

ಮಾರನೆಯ ದಿನ ಜತ್ತದಿಂದ ಮಿಸ್ತ್ರಿ ಬಂದು ಮಾಸ್ಟರ್ ಸಿಲಿಂಡರನ್ನು ಬಿಚ್ಚಿದರು. ಒಳಗಿನ ಗೋಡೆಯಲ್ಲಿ ಗುಂಡಿ ಬಿದ್ದಂತೆ ತುಕ್ಕು ತಿಂದಿತ್ತು. ಬೂಸ್ಟರಿಗೆ ಕೂಡುವ ಜಾಗವೂ ಒದ್ದೆಯಾಗಿತ್ತು. ಹಿಂದಿನ ಸೀಲಿನಿಂದ ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತಿತ್ತು. ನೆಲದ ಮೇಲೆ ಹನಿ ಇಲ್ಲದೆಯೂ ಮಟ್ಟ ಇಳಿದದ್ದಕ್ಕೆ ಲೈನರು ಸವೆದದ್ದರ ಜೊತೆಗೆ ಇದೂ ಕಾರಣ. ಗೋಡೆಗೆ ತುಕ್ಕು ಹಿಡಿದ ಮೇಲೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು ಎಂದರು ಮಿಸ್ತ್ರಿ. ಬದಲಿಸಿದರು. ಬೀಗರು ಆ ಹಳೆಯ ಸಿಲಿಂಡರನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. “ಇದನ್ನ ಇಟಗೊಂಡ ಘಟ್ಟಾ ಇಳಿಯಾಂವ ಇದ್ನೆಲ್ಲ,” ಎಂದಷ್ಟೇ ಅಂದರು. ಸೀಲು ಹರಿದದ್ದು ನಮ್ಮ ಅವಸರದಿಂದ, ಅದು ಹರಿಯುವ ಸ್ಥಿತಿಗೆ ಬಂದದ್ದು ವರ್ಷಗಳ ಅಲಕ್ಷ್ಯದಿಂದ. ಎರಡೂ ನಿಜ.

ನೀವು ಮಾಡುವಾಗ

ಮೊದಲ ಸಲ ಮಾಡುವವರು ತಿಳಿದವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಜಾತಿಯ ಆಯಿಲನ್ನೇ, ಹೊಸದಾಗಿ ಒಡೆದ ಡಬ್ಬಿಯಿಂದ ಹಾಕಿ. ಹೋದ ವರ್ಷ ಒಡೆದು ಉಳಿದದ್ದು ಬೇಡ. ಇಂಜಿನ್ ಆಯಿಲಾಗಲಿ ಡೀಸೆಲ್ಲಾಗಲಿ ಒಂದು ಚಮಚ ಬಿದ್ದರೂ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಗಾಡಿಯ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಹಳೆಯ ಆಯಿಲನ್ನು ನೀರಿನ ಬಾಟಲಿಯಲ್ಲಿ ತುಂಬಿ ಮಕ್ಕಳ ಕೈಗೆ ಸಿಗುವಂತೆ ಇಡಲೇಬೇಡಿ.

ಹವಾ ತೆಗೆಯಲು ಇಬ್ಬರು ಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು ಮಾಡಬೇಕು. ನಮ್ಮ ಗಾಡಿಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕಂಪನಿಯ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ನಿಪ್ಪಲಿಗೆ ಪಾರದರ್ಶಕ ನಳಿಗೆ ಹಾಕಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ಆಯಿಲಿನೊಳಗೆ ಮುಳುಗಿಸಿ. ಮೇಲಿನವರು ನಿಧಾನವಾಗಿ ಒತ್ತಿ “ಹಿಡಿದೆ” ಎನ್ನಬೇಕು, ಕೆಳಗಿನವರು ನಿಪ್ಪಲ್ ತೆರೆದು ಮುಚ್ಚಿ “ಬಿಡು” ಎನ್ನಬೇಕು. ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ ತುಂಬಿಸುತ್ತಿರಿ. ಅದು ಖಾಲಿಯಾದರೆ ಮೊದಲಿನಿಂದ ಶುರು ಮಾಡಬೇಕು.

ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿನ ಹತ್ತಿರ, ಹೇರಿದ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಯನ್ನು ಎತ್ತಿ ಆಕ್ಸಲ್ ಜೋತುಬಿಟ್ಟರೆ ಅದು ‘ಗಾಡಿ ಖಾಲಿ ಇದೆ’ ಎಂದು ತಿಳಿದು ಆಯಿಲಿನ ದಾರಿಯನ್ನು ಕಟ್ಟುತ್ತದೆ, ಹವಾ ಪೂರ್ತಿ ಬರುವುದಿಲ್ಲ. ಭಾರ ಗಾಲಿಗಳ ಮೇಲೆಯೇ ಇರಲಿ. ಇನ್ನು, ಎಷ್ಟು ಹವಾ ತೆಗೆದರೂ ಪೆಡಲ್ ಪುಟಿಯುತ್ತಿದ್ದರೆ ಮುಂದಿನ ಕ್ಯಾಲಿಪರಿನ ನಿಪ್ಪಲ್ ನೋಡಿ. ಅದು ಮೇಲ್ಭಾಗದಲ್ಲಿರಬೇಕು. ಹಿಂದೊಮ್ಮೆ ಬಿಚ್ಚಿದವರು ಎಡದ್ದನ್ನು ಬಲಕ್ಕೆ ಕೂರಿಸಿದ್ದರೆ ನಿಪ್ಪಲ್ ಕೆಳಗಾಗಿ ಗಾಳಿ ಮೇಲೆಯೇ ಉಳಿದುಬಿಡುತ್ತದೆ.

ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು. ನಂತರ ಖಾಲಿ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ. ಮೊದಲ ಪ್ರಯಾಣ ಖಾಲಿ ಗಾಡಿಯದೇ ಆಗಿರಲಿ. ಪೆಡಲ್ ತಾನಾಗಿ ಇಳಿಯುತ್ತಿದ್ದರೆ, ಆಯಿಲ್ ಎಲ್ಲಿಂದಾದರೂ ಸೋರುತ್ತಿದ್ದರೆ, ಕೆಂಪು ಬ್ರೇಕ್ ದೀಪ ಆರದಿದ್ದರೆ ಆ ಗಾಡಿ ಗ್ಯಾರೇಜಿಗೂ ತಾನಾಗಿ ಓಡಬಾರದು. ಮಿಸ್ತ್ರಿಯೇ ಬರಲಿ, ಇಲ್ಲವೇ ಅದನ್ನು ಇನ್ನೊಂದು ಗಾಡಿಯ ಮೇಲೆ ಹೇರಿ ಒಯ್ಯಿರಿ.

ದಾರಿಯಲ್ಲಿ ಪೆಡಲ್ ಕುಸಿದರೆ ಇಂಜಿನ್ ಬಂದ್ ಮಾಡಬೇಡಿ. ಬೇಗಬೇಗ ತುಳಿಯುತ್ತಾ ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯಿರಿ. ಹಾರ್ನ್ ಹೊಡೆಯುತ್ತಾ, ದೀಪ ಮಿನುಗಿಸುತ್ತಾ ರಸ್ತೆಯ ಅಂಚಿಗೆ ಬನ್ನಿ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕು ಕಾಯುವುದಿಲ್ಲ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಮಾಡಿಸುತ್ತೇವೆ. ಆ ಪತ್ರ ವರ್ಷದ ಒಂದು ದಿನದ ಮಾತು. ಉಳಿದ 364 ದಿನ ಪರೀಕ್ಷೆ ಮಾಡುವುದು ಗಾಡಿ ನಡೆಸುವವರ ಕಾಲೇ. ಅದು ಹೇಳಿದ್ದನ್ನು ‘ರೂಢಿ’ ಎಂದು ಸುಮ್ಮನಾಗಿಸಬಾರದು.

ಜನವರಿ ಕೊನೆಗೆ ಬೀಗರು ಫೋನ್ ಮಾಡಿದ್ದರು. ದಾಳಿಂಬೆಯ ಎರಡನೆಯ ಮಾಲು ತಮ್ಮ ಗಾಡಿಯಲ್ಲೇ ಚಿಪಳೂಣಕ್ಕೆ ಮುಟ್ಟಿತಂತೆ. ಬ್ರೇಕಿನ ಸುದ್ದಿ ಅವರೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಫೋನ್ ಇಡುವ ಮೊದಲು ಹೇಳಿದರು: “ಬ್ರೇಕ್ ಆಯಿಲ್ ಬದಲಿ ಮಾಡಿದ ತಾರೀಖ ಬಾಗಲಾ ಒಳಗ ಬರದ ಇಟ್ಟೀನ್ರಿ.”

ಈ ವಾರ ಬಿಡುವಾದಾಗ ನಿಮ್ಮ ಗಾಡಿಯ ಬಾಗಿಲನ್ನೂ ತೆರೆದು ನೋಡಿ. ಅಲ್ಲಿ ಆ ತಾರೀಖು ಇದೆಯೇ?